ಟೆಸ್ಟ್ ಆಗದ ಪ್ಯಾಕೇಜನ್ನು ಎಂಬೆಡೆಡ್ ಲಿನಕ್ಸ್ ಇಮೇಜ್‌ಗೆ ಸೇರಿಸಬಹುದಾ?

ಪ್ರಶ್ನೆ: ಸರ್, ನಾವು ಲಿನಕ್ಸ್ ಇಮೇಜ್ ಕಟ್ಟುವ ಯೊಕ್ಟೊದ ಸ್ಕಾರ್ತ್‌ಗ್ಯಾಪ್ ರಿಲೀಸ್ ಬಳಸಿ 32 ಬಿಟ್ ಆರ್ಮ್ ಬೋರ್ಡ್‌ಗೆ ಗೇಟ್‌ವೇ ಇಮೇಜ್ ಮಾಡುತ್ತಿದ್ದೇವೆ. ರ‍್ಯಾಮ್ 256 ಎಂಬಿ. ಜಾಗ ಉಳಿಸಲು ಜಿಲಿಬ್‌ಸಿ ಬದಲು ಮಸಲ್ ಅನ್ನುವ ಚಿಕ್ಕ ಸಿ ಲೈಬ್ರರಿ ಹಾಕಿದ್ದೇವೆ. ಸೆನ್ಸರ್‌ಗಳನ್ನು ಸೀರಿಯಲ್ ಲೈನ್‌ನಲ್ಲಿ ಓದಿ ಎಂಕ್ಯೂಟಿಟಿ ಪ್ರೋಟೋಕಾಲ್‌ನಲ್ಲಿ ಸರ್ವರ್‌ಗೆ ಕಳಿಸುವ ಒಂದು ಡೀಮನ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಬೇಕಿತ್ತು. ಯಾರೋ ಹಾಕಿಟ್ಟ ಲೇಯರ್ (ರೆಸಿಪಿಗಳ ಕಟ್ಟು) ಒಂದರಲ್ಲಿ ಅದರ ರೆಸಿಪಿ, ಅಂದರೆ ಬಿಲ್ಡ್ ಮಾಡುವ ವಿಧಾನ ಬರೆದ ಫೈಲ್, ಸಿಕ್ಕಿತು. "ಎಕ್ಸ್86ನಲ್ಲಿ ಮಾತ್ರ ನೋಡಿದ್ದೇನೆ, ಆರ್ಮ್‌ನಲ್ಲಿ ಟೆಸ್ಟ್ ಮಾಡಿಲ್ಲ" ಅಂತ ಅದರಲ್ಲಿ ಬರೆದಿದೆ. ಲೇಯರ್ ಹಳೇ ಕರ್ಕ್‌ಸ್ಟೋನ್ ರಿಲೀಸ್‌ಗೆ ಬರೆದದ್ದು, ನಾನೇ ಅದರ ಲೇಯರ್ ಕಾನ್ಫ್ ಫೈಲ್‌ನಲ್ಲಿ ಸ್ಕಾರ್ತ್‌ಗ್ಯಾಪ್ ಹೆಸರು ಸೇರಿಸಿದೆ. ರೆಸಿಪಿಯಲ್ಲಿ ಆಟೋರೆವ್ ಇದೆ, ಒಂದು ಇನ್‌ಸೇನ್ ಸ್ಕಿಪ್ ಸಾಲೂ ಇದೆ. ಬಿಲ್ಡ್ ಆಯ್ತು, ಬೋರ್ಡ್ ಮೇಲೆ ಒಂದು ದಿನ ಓಡಿಸಿದೆವು, ತೊಂದರೆ ಕಾಣಲಿಲ್ಲ. ಮುಂದಿನ ತಿಂಗಳು ರಿಲೀಸ್. ಇದನ್ನು ಧೈರ್ಯವಾಗಿ ಹಾಕಬಹುದಾ?

ಉತ್ತರ: ಈಗ ಇರುವ ಹಾಗೇ ಹಾಕಬೇಡಿ. ಹಾಗಂತ ಎಸೆದುಬಿಡಿ ಅಂತಲೂ ಹೇಳಲ್ಲ. "ಟೆಸ್ಟ್ ಮಾಡಿಲ್ಲ" ಅಂತ ಬರೆದಿಟ್ಟವರು ಪ್ರಾಮಾಣಿಕರು. ಅಷ್ಟೂ ಬರೆಯದ ರೆಸಿಪಿಗಳು ಎಷ್ಟೋ ಇವೆ, ಅವುಗಳನ್ನು ನಾವೆಲ್ಲ ಕಣ್ಣುಮುಚ್ಚಿ ಸೇರಿಸಿಕೊಳ್ಳುತ್ತೇವೆ. ಆ ಒಂದು ಸಾಲಿನಿಂದ ನಿಮಗೆ ಗೊತ್ತಾಗಬೇಕಾದದ್ದು ಇಷ್ಟೇ: ಟೆಸ್ಟ್ ಮಾಡುವ ಕೆಲಸ ಈಗ ನಿಮ್ಮ ಮೇಲಿದೆ, ಅದಕ್ಕೆ ಬೇಕಾದ ದಿನಗಳನ್ನು ನಿಮ್ಮ ಶೆಡ್ಯೂಲ್‌ನಲ್ಲಿ ಯಾರೂ ಇಟ್ಟಿಲ್ಲ.

ಮೊದಲು ಯಾವುದು ಟೆಸ್ಟ್ ಆಗಿಲ್ಲ ಅಂತ ಬಿಡಿಸಿ ನೋಡಿ. ಪ್ರೋಗ್ರಾಂ ಚೆನ್ನಾಗಿದ್ದು ರೆಸಿಪಿ ಹೊಸದಿರಬಹುದು. ರೆಸಿಪಿ ಸರಿಯಿದ್ದು ಆ ವರ್ಷನ್ ಹೊಸದಿರಬಹುದು. ಎರಡೂ ಸರಿಯಿದ್ದು ನಿಮ್ಮ ಪ್ರೊಸೆಸರ್, ನಿಮ್ಮ ಸಿ ಲೈಬ್ರರಿ, ನಿಮ್ಮ ಕಂಪೈಲರ್ ಮೂರೂ ಒಟ್ಟಿಗೆ ಸೇರಿದ ಜಾಗಕ್ಕೆ ಯಾರೂ ಬಂದಿಲ್ಲದಿರಬಹುದು. ನಿಮ್ಮ ವಿಷಯದಲ್ಲಿ ಮೂರೂ ಇವೆ. ಪ್ರತಿಯೊಂದಕ್ಕೂ ಮಾಡಬೇಕಾದ ಪರೀಕ್ಷೆ ಬೇರೆ, ಹಾಗಾಗಿ ಇವನ್ನು ಒಂದೇ ಗಂಟು ಮಾಡಿ "ಒಂದು ದಿನ ಓಡಿಸಿದೆವು" ಅಂದರೆ ಸಾಲದು.

ಬಿಲ್ಡ್ ಆಗಿದೆ ಅನ್ನುವುದಕ್ಕೆ ಎಷ್ಟು ಬೆಲೆ ಕೊಡಬೇಕು ಅಂತ ಹೇಳ್ತೀನಿ. ಯೊಕ್ಟೊ ಥರದ್ದೇ ಇನ್ನೊಂದು ಟೂಲ್ ಆದ ಬಿಲ್ಡ್‌ರೂಟ್‌ನವರು ಆಟೋಬಿಲ್ಡರ್ ಮಶೀನ್‌ಗಳನ್ನು ಇಟ್ಟಿದ್ದಾರೆ. ಅವು ಹಗಲು ರಾತ್ರಿ ಯಾವ್ಯಾವುದೋ ಪ್ಯಾಕೇಜ್‌ಗಳನ್ನು, ಬೇರೆ ಬೇರೆ ಆರ್ಕಿಟೆಕ್ಚರ್ ಮತ್ತು ಸಿ ಲೈಬ್ರರಿಗಳ ಜೊತೆ ರ‍್ಯಾಂಡಮ್ ಆಗಿ ಕೂಡಿಸಿ ಬಿಲ್ಡ್ ಮಾಡುತ್ತಲೇ ಇರುತ್ತವೆ. ತುಂಬಾ ಒಳ್ಳೆಯ ವ್ಯವಸ್ಥೆ ಅದು. ಆದರೆ ಅಷ್ಟು ಮಾಡಿದರೂ ಅಲ್ಲಿ ಗೊತ್ತಾಗುವುದು ಕಂಪೈಲ್ ಆಗುತ್ತೋ ಇಲ್ಲವೋ ಅನ್ನುವುದು ಮಾತ್ರ. ಕ್ಯೂಎಮು ಅನ್ನುವ ಎಮ್ಯುಲೇಟರ್‌ನಲ್ಲಿ ಬೂಟ್ ಮಾಡಿ ಓಡಿಸಿ ನೋಡುವ ಪರೀಕ್ಷೆಗಳು ಅಲ್ಲೂ ಇವೆ, ಆದರೆ ಒಂದಷ್ಟು ಪ್ಯಾಕೇಜ್‌ಗಳಿಗೆ ಮಾತ್ರ. ಯೊಕ್ಟೊದಲ್ಲೂ ಹಾಗೇ. ಮುಖ್ಯ ಓಪನ್‌ಎಂಬೆಡೆಡ್ ಕೋರ್ ಲೇಯರ್‌ಗೆ ಪ್ರಾಜೆಕ್ಟ್‌ನವರೇ ಕ್ಯೂಎಮು ಮೇಲೆ ಟೆಸ್ಟ್ ಓಡಿಸುತ್ತಾರೆ, ಪಿಟೆಸ್ಟ್ ಅನ್ನುವ ವ್ಯವಸ್ಥೆಯಲ್ಲಿ ಪ್ಯಾಕೇಜಿನ ಸ್ವಂತ ಟೆಸ್ಟ್‌ಗಳೂ ಓಡುತ್ತವೆ. ಆ ಗಡಿ ದಾಟಿ ಹೊರಗಿನ ಲೇಯರ್‌ಗೆ ಹೋದ ತಕ್ಷಣ, ಲೇಯರ್ ಬರೆದವರ ಮೇಜಿನ ಮೇಲೆ ಏನಾಗಿತ್ತೋ ಅದೇ ಟೆಸ್ಟ್.

ಲೇಯರ್ ಕಾನ್ಫ್‌ನಲ್ಲಿ ನೀವು ಸೇರಿಸಿದ ಹೆಸರಿನ ಬಗ್ಗೆಯೂ ಇದೇ ಮಾತು. "ಇಂಥ ರಿಲೀಸ್ ಜೊತೆ ಇದು ಹೊಂದುತ್ತೆ" ಅಂತ ಲೇಯರ್ ನೋಡಿಕೊಳ್ಳುವವರು ಹೇಳುವ ಜಾಗ ಅದು. ಅವರ ಪರವಾಗಿ ನೀವು ಸಹಿ ಹಾಕಿದ್ದೀರಿ. ಎಲ್ಲರೂ ಮಾಡ್ತಾರೆ, ಬೇರೆ ದಾರಿಯೂ ಇರಲ್ಲ, ಸರಿ. ಆದರೆ ಕರ್ಕ್‌ಸ್ಟೋನ್ 2022ರದ್ದು, ಸ್ಕಾರ್ತ್‌ಗ್ಯಾಪ್ 2024ರದ್ದು. ನಡುವೆ ಕಂಪೈಲರ್ ಬದಲಾಗಿದೆ, ಲೈಬ್ರರಿಗಳು ಬದಲಾಗಿವೆ. ಯೊಕ್ಟೊದ ಬಿಲ್ಡ್ ಟೂಲ್ ಬಿಟ್‌ಬೇಕ್ ತಕರಾರು ಮಾಡದಿದ್ದರೆ ಪಾರ್ಸ್ ಆಯ್ತು ಅಂತ ಅರ್ಥ, ಹೊಂದಿತು ಅಂತಲ್ಲ.

ಈಗ ನನಗೆ ನಿಜಕ್ಕೂ ಚಿಂತೆ ಹುಟ್ಟಿಸಿದ ವಿಷಯಕ್ಕೆ ಬರ್ತೀನಿ: ಎಕ್ಸ್86ನಲ್ಲಿ ಮಾತ್ರ ನೋಡಿದ ಸಿ ಪ್ರೋಗ್ರಾಂ, 32 ಬಿಟ್ ಆರ್ಮ್ ಮತ್ತು ಮಸಲ್ ಮೇಲೆ, ಅದೂ ಸೆನ್ಸರ್ ಓದುವ ಕೆಲಸಕ್ಕೆ.

ಸಿ ಭಾಷೆಯಲ್ಲಿ ಸುಮ್ನೆ "ಚಾರ್" ಅಂತ ಬರೆದರೆ ಅದಕ್ಕೆ ಮೈನಸ್ ಚಿಹ್ನೆ ಇದೆಯೋ ಇಲ್ಲವೋ ಅನ್ನುವುದನ್ನು ಸ್ಟ್ಯಾಂಡರ್ಡ್ ನಿಗದಿ ಮಾಡಿಲ್ಲ, ಪ್ಲಾಟ್‌ಫಾರ್ಮ್‌ಗೆ ಬಿಟ್ಟಿದೆ. ಎಕ್ಸ್86 ಲಿನಕ್ಸ್‌ನಲ್ಲಿ ಇದೆ, ಆರ್ಮ್ ಲಿನಕ್ಸ್‌ನಲ್ಲಿ ಇಲ್ಲ. ಒಂದು ಸೆನ್ಸರ್ ತಾಪಮಾನವನ್ನು ಒಂದೇ ಬೈಟ್‌ನಲ್ಲಿ ಕಳಿಸುತ್ತೆ ಅಂದುಕೊಳ್ಳಿ. ಮೈನಸ್ 5 ಡಿಗ್ರಿ ಬಂದಾಗ ಎಕ್ಸ್86 ಮೇಲೆ ಪ್ರೋಗ್ರಾಂ ಮೈನಸ್ 5 ಅಂತಲೇ ಓದುತ್ತೆ, ನಿಮ್ಮ ಬೋರ್ಡ್ ಮೇಲೆ 251 ಅಂತ ಓದುತ್ತೆ. ಕಂಪೈಲರ್ ಇದನ್ನು ತಪ್ಪು ಅನ್ನಲ್ಲ. ನಿಮ್ಮ ಲ್ಯಾಬ್‌ನಲ್ಲಿ ಸೊನ್ನೆಗಿಂತ ಕೆಳಗೆ ಹೋಗುವ ಮಾತೇ ಇಲ್ಲ, ಹಾಗಾಗಿ ಒಂದು ದಿನವಲ್ಲ, ಒಂದು ವರ್ಷ ಓಡಿಸಿದರೂ ಕಾಣಲ್ಲ. ಇದರದ್ದೇ ಇನ್ನೊಂದು ರೂಪ: ಫೈಲ್‌ನಿಂದ ಒಂದೊಂದೇ ಅಕ್ಷರ ಓದಿ ಚಾರ್‌ನಲ್ಲಿ ಇಟ್ಟುಕೊಂಡು, ಅದು ಮೈನಸ್ 1 ಆದರೆ ಫೈಲ್ ಮುಗಿಯಿತು ಅಂತ ನೋಡುವ ಲೂಪ್. ಆರ್ಮ್ ಮೇಲೆ ಆ ಚಾರ್ ಯಾವತ್ತೂ ಮೈನಸ್ 1 ಆಗಲ್ಲ, ಲೂಪ್ ನಿಲ್ಲೋದೇ ಇಲ್ಲ. ಕಂಪೈಲರ್‌ಗೆ ಸೈನ್ಡ್ ಚಾರ್ ಫ್ಲ್ಯಾಗ್ ಕೊಟ್ಟರೆ ಸದ್ಯಕ್ಕೆ ಸರಿಹೋಗುತ್ತೆ, ಆದರೆ ಕೋಡ್‌ನಲ್ಲಿ 8 ಬಿಟ್ ಸೈನ್ಡ್ ಇಂಟಿಜರ್ ಅಂತ ಸ್ಪಷ್ಟವಾಗಿ ಬರೆಯುವುದೇ ಸರಿಯಾದ ದಾರಿ. ಸೋರ್ಸ್ ತೆರೆದು, ಸೀರಿಯಲ್‌ನಿಂದ ಬಂದ ಬೈಟ್‌ಗಳು ಎಲ್ಲೆಲ್ಲಿ ಬರಿ ಚಾರ್‌ನಲ್ಲಿ ಕೂತಿವೆ ಅಂತ ಹುಡುಕಿ. ಈ ಒಂದು ಕೆಲಸ ಇವತ್ತೇ ಮಾಡಿ.

ಎರಡನೆಯದು ಮಸಲ್. ಜಿಲಿಬ್‌ಸಿಯಲ್ಲಿ ಹೊಸ ಥ್ರೆಡ್‌ಗೆ ಸಾಮಾನ್ಯವಾಗಿ 8 ಎಂಬಿ ಸ್ಟ್ಯಾಕ್ (ಫಂಕ್ಷನ್‌ಗಳು ಬಳಸುವ ಮೆಮೊರಿ) ಸಿಗುತ್ತೆ. ಮಸಲ್‌ನಲ್ಲಿ ಪ್ರೋಗ್ರಾಂ ಕೇಳದೇ ಇದ್ದರೆ ಸಿಗೋದು 128 ಕೆಬಿ. ಡೆಸ್ಕ್‌ಟಾಪ್ ಮೇಲೆ ಬೆಳೆದ ಪ್ರೋಗ್ರಾಂನಲ್ಲಿ ಫಂಕ್ಷನ್ ಒಳಗೇ ದೊಡ್ಡ ಅರೇ ಇಟ್ಟುಕೊಳ್ಳುವ ಅಭ್ಯಾಸ ಜಾಸ್ತಿ. ದೊಡ್ಡ ಮೆಸೇಜ್ ಬಂದಾಗ ಮಾತ್ರ ಕರೆಯುವ ಒಂದು ಫಂಕ್ಷನ್‌ನಲ್ಲಿ ಅಂಥದ್ದು ಇದ್ದರೆ, ದಿನವೆಲ್ಲ ಚೆನ್ನಾಗಿ ಓಡಿ ಆ ಮೆಸೇಜ್ ಬಂದ ದಿನ ಸೆಗ್‌ಫಾಲ್ಟ್ ಆಗಿ ಬೀಳುತ್ತೆ. ಜಿಸಿಸಿ ಕಂಪೈಲರ್‌ನಲ್ಲಿ ಸ್ಟ್ಯಾಕ್ ಯೂಸೇಜ್ ಆಪ್ಷನ್ ಇದೆ, ಯಾವ ಫಂಕ್ಷನ್ ಎಷ್ಟು ಸ್ಟ್ಯಾಕ್ ತಿನ್ನುತ್ತೆ ಅಂತ ಫೈಲ್‌ನಲ್ಲಿ ಬರೆದು ಕೊಡುತ್ತೆ. ಅದನ್ನು ಹಾಕಿ ಒಂದು ಸಲ ಬಿಲ್ಡ್ ಮಾಡಿ ನೋಡಿ.

ಮೂರನೆಯದು ಟೈಮ್. ಮಸಲ್ 2020ರ 1.2.0 ವರ್ಷನ್‌ನಿಂದ 32 ಬಿಟ್ ಪ್ರೊಸೆಸರ್ ಮೇಲೂ ಟೈಮ್ ವೇರಿಯಬಲ್‌ಗೆ 64 ಬಿಟ್ ಕೊಟ್ಟಿದೆ. 32 ಬಿಟ್ ಟೈಮ್ ತುಂಬಿಹೋಗುವ 2038ರ ಜನವರಿ 19ರ ಸಮಸ್ಯೆಗೆ ಇದೇ ಪರಿಹಾರ, ಒಳ್ಳೆಯದೇ. ಆದರೆ ಹಳೇ ಕೋಡ್‌ನಲ್ಲಿ ಟೈಮನ್ನು ಲಾಂಗ್ ಅಂದುಕೊಂಡು ಪ್ರಿಂಟ್ ಮಾಡಿರುತ್ತಾರೆ. ನಿಮ್ಮ ಬೋರ್ಡ್ ಮೇಲೆ ಲಾಂಗ್ 32 ಬಿಟ್, ಟೈಮ್ 64 ಬಿಟ್. ಪ್ರಿಂಟ್‌ಎಫ್ ಅರ್ಧ ಓದಿ, ಉಳಿದರ್ಧವನ್ನು ಮುಂದಿನ ಆರ್ಗ್ಯುಮೆಂಟ್ ಅಂದುಕೊಳ್ಳಬಹುದು. ಆ ಮುಂದಿನದು ಸ್ಟ್ರಿಂಗ್ ಆಗಿದ್ದರೆ ಪ್ರೋಗ್ರಾಂ ಅಲ್ಲೇ ಬೀಳಬಹುದು. ಸಂಖ್ಯೆಯಾಗಿದ್ದರೆ ಇನ್ನೂ ಕೆಟ್ಟದ್ದು, ಬೀಳದೇ ಸರ್ವರ್‌ಗೆ ತಪ್ಪು ಡೇಟಾ ಹೋಗುತ್ತಿರುತ್ತೆ. 64 ಬಿಟ್ ಎಕ್ಸ್86 ಮೇಲೆ ಎರಡೂ 64 ಬಿಟ್ ಆದ್ದರಿಂದ ಅಲ್ಲಿ ಯಾರಿಗೂ ಗೊತ್ತಾಗಿರಲ್ಲ. ಫಾರ್ಮ್ಯಾಟ್ ವಾರ್ನಿಂಗ್‌ಗಳನ್ನು ಆನ್ ಮಾಡಿ ಬಿಲ್ಡ್ ಮಾಡಿದರೆ ಕಂಪೈಲರೇ ಇದನ್ನು ಹೇಳುತ್ತೆ. ನೀವು ಡು-ಕಂಪೈಲ್ ಹಂತದ ಲಾಗ್ ಓದಿದ್ದೀರಾ? ಬಿಲ್ಡ್ ಪಾಸ್ ಆದ ಮೇಲೆ ಆ ಫೈಲನ್ನು ಯಾರೂ ತೆರೆಯಲ್ಲ, ನನಗೆ ಬೇಕಾದ ಅರ್ಧ ಮಾಹಿತಿ ಅದರಲ್ಲೇ ಇರುತ್ತೆ.

ಅಲೈನ್‌ಮೆಂಟ್ (ಡೇಟಾ ತನ್ನ ಗಾತ್ರಕ್ಕೆ ಹೊಂದುವ ವಿಳಾಸದಲ್ಲಿ ಇರುವುದು) ಬಗ್ಗೆಯೂ ಒಂದು ಮಾತು. ಸೀರಿಯಲ್‌ನಿಂದ ಬಂದ ಬಫರ್‌ನ ಮಧ್ಯದ ವಿಳಾಸವನ್ನು ನೇರವಾಗಿ 32 ಅಥವಾ 64 ಬಿಟ್ ಪಾಯಿಂಟರ್ ಮಾಡಿ ಓದುವ ಕೋಡ್ ಎಕ್ಸ್86ನಲ್ಲಿ ಸಾಮಾನ್ಯವಾಗಿ ನಡೆದುಹೋಗುತ್ತೆ. ಆರ್ಮ್‌ನಲ್ಲಿ ಕೆಲವು ಇನ್‌ಸ್ಟ್ರಕ್ಷನ್‌ಗಳು ಅದನ್ನು ಒಪ್ಪಲ್ಲ. ಆಗ ಕರ್ನಲ್ ಸದ್ದಿಲ್ಲದೆ ಸರಿಮಾಡಿ ಮುಂದೆ ಕಳಿಸಬಹುದು, ಇಲ್ಲವೇ ಬಸ್ ಎರರ್ ಕೊಡಬಹುದು. ಪ್ರಾಕ್ (/proc) ಕೆಳಗೆ ಸಿಪಿಯು ಡೈರೆಕ್ಟರಿಯಲ್ಲಿ ಅಲೈನ್‌ಮೆಂಟ್ ಅನ್ನುವ ಫೈಲ್ ಇದ್ದರೆ, ಡೀಮನ್ ಓಡುವಾಗ ಅದರ ಯೂಸರ್ ಎಣಿಕೆ ಏರುತ್ತಿದೆಯಾ ನೋಡಿ. ಕ್ಯೂಎಮು ಇಂಥದ್ದನ್ನು ಬಹಳ ಸಲ ಸುಮ್ಮನೆ ಬಿಟ್ಟುಬಿಡುತ್ತೆ, ಅದಕ್ಕೇ ನಿಜವಾದ ಬೋರ್ಡೇ ಬೇಕು.

ರೆಸಿಪಿ ಕಡೆ ಬರೋಣ. ಆಟೋರೆವ್ ಅಂದರೆ ಪ್ರತಿ ಬಿಲ್ಡ್‌ನಲ್ಲೂ ಆ ಬ್ರ್ಯಾಂಚ್‌ನ ಇತ್ತೀಚಿನ ಕಮಿಟ್ ತಗೋ ಅಂತ. ನೀವು ಸೋಮವಾರ ಟೆಸ್ಟ್ ಮಾಡಿದ್ದು ಒಂದು, ಶುಕ್ರವಾರ ರಿಲೀಸ್ ಬಿಲ್ಡ್‌ಗೆ ಬಂದದ್ದು ಇನ್ನೊಂದು, ಎರಡಕ್ಕೂ ನಿಮ್ಮ ಕಡೆಯಿಂದ ಒಂದಕ್ಷರವೂ ಬದಲಾಗಿಲ್ಲ. ಇದು ಇರುವವರೆಗೆ ನೀವು ಮಾಡುವ ಯಾವ ಟೆಸ್ಟ್‌ಗೂ ಅರ್ಥ ಇಲ್ಲ. ಒಂದು ಕಮಿಟ್ ಆರಿಸಿ, ಪೂರ್ತಿ ಹ್ಯಾಶ್ ಬರೆದು ಕಟ್ಟಿಹಾಕಿ. ಡೌನ್‌ಲೋಡ್ ಆದ ಸೋರ್ಸನ್ನು ನಿಮ್ಮದೇ ಮಿರರ್‌ನಲ್ಲಿ ಇಟ್ಟುಕೊಳ್ಳಿ. ಹೊರಗಿನ ಸರ್ವರ್‌ಗಳು ನಿಮ್ಮನ್ನು ಕೇಳಿ ಬದಲಾಗಲ್ಲ. 2022ರ ಮಾರ್ಚ್‌ನಲ್ಲಿ ಗಿಟ್‌ಹಬ್ ಹಳೇ ಗಿಟ್ ಪ್ರೋಟೋಕಾಲನ್ನು ನಿಲ್ಲಿಸಿದಾಗ ಆ ವಿಳಾಸ ಬರೆದಿದ್ದ ಎಷ್ಟೋ ರೆಸಿಪಿಗಳು ನಿಂತುಹೋದವು. 2023ರ ಜನವರಿ ಕೊನೆಯಲ್ಲಿ ಅಲ್ಲಿ ತಾನಾಗಿ ತಯಾರಾಗುವ ಟಾರ್ ಫೈಲ್‌ಗಳ ಕಂಪ್ರೆಷನ್ ಬದಲಾಗಿ, ಒಳಗಿನ ಕೋಡ್ ಅದೇ ಇದ್ದರೂ ಚೆಕ್‌ಸಮ್ ಹೊಂದದೇ ಎಷ್ಟೋ ಕಡೆ ಬಿಲ್ಡ್ ಮುರಿಯಿತು. ಆಮೇಲೆ ಅವರು ಹಿಂದಕ್ಕೆ ತಂದರು, ಆದರೆ ಅಂಥ ದಿನವೇ ನಿಮ್ಮ ರಿಲೀಸ್ ಇದ್ದರೆ ಏನು ಮಾಡ್ತೀರಿ?

ಇನ್‌ಸೇನ್ ಸ್ಕಿಪ್ ಅಂದರೆ ಬಿಟ್‌ಬೇಕ್ ಮಾಡುವ ಕ್ವಾಲಿಟಿ ಚೆಕ್‌ಗಳಲ್ಲಿ ಒಂದನ್ನು ಬಾಯಿಮುಚ್ಚಿಸಿದ್ದಾರೆ ಅಂತ. ಯಾವುದನ್ನು ಅಂತ ನೀವು ಬರೆದಿಲ್ಲ. ಕೆಲವು ಅಷ್ಟೇನೂ ಅಪಾಯದವಲ್ಲ, ಮೊದಲೇ ಸ್ಟ್ರಿಪ್ ಆಗಿದೆ (ಡೀಬಗ್ ಮಾಹಿತಿ ತೆಗೆದಿದೆ) ಅನ್ನುವಂಥವು. ಎಲ್‌ಡಿ ಫ್ಲ್ಯಾಗ್ಸ್ ಅಂತಿದ್ದರೆ ಪ್ಯಾಕೇಜಿನ ಮೇಕ್‌ಫೈಲ್ ನಿಮ್ಮ ಲಿಂಕರ್ ಆಪ್ಷನ್‌ಗಳನ್ನು ಕೇಳಿಸಿಕೊಂಡಿಲ್ಲ, ಅಂದರೆ ಸೆಕ್ಯುರಿಟಿಗೆ ಹಾಕಿದ ಆಪ್ಷನ್‌ಗಳೂ ತಲುಪಿರಲ್ಲ. ಆರ್ಚ್ ಅಂತಿದ್ದರೆ ನಿಲ್ಲಿ, ಒಳಗೆ ಎಲ್ಲೋ ಬೇರೆ ಪ್ರೊಸೆಸರ್‌ಗೆ ಕಂಪೈಲ್ ಆದ ಬೈನರಿ ಇದೆ ಅಂತ ಅರ್ಥ. ಆ ಸಾಲು ತೆಗೆದು ಬಿಲ್ಡ್ ಮಾಡಿ, ಬರುವ ಎರರನ್ನು ಪೂರ್ತಿ ಓದಿ, ಆಮೇಲೆ ನಿರ್ಧಾರ ಮಾಡಿ.

"ಹಾಗಾದರೆ ಅಪ್‌ಸ್ಟ್ರೀಮ್‌ನ, ಅಂದರೆ ಮೂಲ ಪ್ರಾಜೆಕ್ಟ್‌ನ, ಅತಿ ಹೊಸ ವರ್ಷನ್ ಹಾಕಿಬಿಡೋಣ, ಬಗ್‌ಗಳೆಲ್ಲ ಸರಿಯಾಗಿರುತ್ತವೆ" ಅನ್ನುವ ಯೋಚನೆ ಬರಬಹುದು. 2024ರ ಎಕ್ಸ್‌ಝಡ್ (ಕಂಪ್ರೆಷನ್ ಟೂಲ್) ಪ್ರಕರಣ ನೆನಪಿಸಿಕೊಳ್ಳಿ. 5.6.0 ಮತ್ತು 5.6.1 ವರ್ಷನ್‌ಗಳಲ್ಲಿ ಹಿಂಬಾಗಿಲು ಇತ್ತು. ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದೆ ಯಾಕೆ ಅಂತ ಬೆನ್ನು ಹತ್ತಿದ ಆಂಡ್ರೆಸ್ ಫ್ರಾಯ್ಂಡ್ ಅದನ್ನು ಕಂಡುಹಿಡಿದು ಮಾರ್ಚ್ 29ಕ್ಕೆ ಎಲ್ಲರಿಗೂ ತಿಳಿಸಿದರು. ಡೆಬಿಯನ್‌ನ ಟೆಸ್ಟಿಂಗ್ ಮತ್ತು ಅನ್‌ಸ್ಟೇಬಲ್‌ಗೆ ಅದು ಬಂದಿತ್ತು, ಸ್ಟೇಬಲ್‌ಗೆ ಬಂದಿರಲಿಲ್ಲ. ಹಿಂಬಾಗಿಲನ್ನು ಜಾಗೃತಗೊಳಿಸುವ ಬಿಲ್ಡ್ ಸ್ಕ್ರಿಪ್ಟ್ ರಿಲೀಸ್ ಟಾರ್ ಫೈಲ್‌ನಲ್ಲಿತ್ತು, ಗಿಟ್‌ನಲ್ಲಿ ಇರಲಿಲ್ಲ. ಅದು ಗುರಿಯಿಟ್ಟದ್ದು 64 ಬಿಟ್ ಎಕ್ಸ್86ಗೆ, ನಿಮ್ಮ ಬೋರ್ಡ್‌ಗೆ ಏನೂ ಆಗುತ್ತಿರಲಿಲ್ಲ. ಆದರೂ ಹೊಸ ವರ್ಷನ್ ಹೊರಬಂದ ಮೇಲೆ ಒಂದಷ್ಟು ಕಾಲ ಬೇರೆಯವರ ಕಣ್ಣಿಗೆ ಬೀಳಲಿ ಅಂತ ಕಾಯುವುದಕ್ಕೆ ಬೆಲೆ ಇದೆ. ಪ್ರಕಟವಾದ ಸೆಕ್ಯುರಿಟಿ ದೋಷಕ್ಕೆ ಬಂದ ಸಣ್ಣ ಫಿಕ್ಸ್ ಮಾತ್ರ ಇದಕ್ಕೆ ಹೊರತು, ಅದನ್ನು ಬೇಗ ತಗೊಳ್ಳಿ.

ಸೆಕ್ಯುರಿಟಿ ಅಂದಾಗ ನೆನಪಾಯಿತು. ಯೊಕ್ಟೊದ ಸಿವಿಇ ಚೆಕ್ (ಪ್ರಕಟವಾದ ಸೆಕ್ಯುರಿಟಿ ದೋಷಗಳನ್ನು ಹುಡುಕುವ ಪರೀಕ್ಷೆ) ಓಡಿಸಿ, ಈ ಪ್ಯಾಕೇಜ್ ಹೆಸರಿನ ಮುಂದೆ ಏನೂ ಬರದಿದ್ದರೆ ಖುಷಿಪಡಬೇಡಿ. ಅದು ಪ್ರಾಡಕ್ಟ್ ಹೆಸರು ಮತ್ತು ವರ್ಷನ್ ನೋಡಿ ಡೇಟಾಬೇಸ್ ಜೊತೆ ಹೋಲಿಸುತ್ತೆ, ಅಷ್ಟೇ. ಯಾರೂ ಪರೀಕ್ಷಿಸದ ಪ್ರೋಗ್ರಾಂ ಬಗ್ಗೆ ಯಾರೂ ದೂರು ದಾಖಲಿಸಿರಲ್ಲ.

ಕರ್ನಲ್‌ನಲ್ಲೂ ಇದೇ ಥರದ ಜಾಗ ಇದೆ, ಇನ್ನೂ ಪಕ್ವವಾಗದ ಸ್ಟೇಜಿಂಗ್ ಡ್ರೈವರ್‌ಗಳು. ಅಂಥದ್ದು ಲೋಡ್ ಆದರೆ ಕರ್ನಲ್ ತನ್ನ ಟೇಂಟೆಡ್ ಸಂಖ್ಯೆಗೆ 1024 ಸೇರಿಸಿಕೊಳ್ಳುತ್ತೆ. ನಿಮ್ಮ ಬೋರ್ಡ್ ಕೊಟ್ಟವರ ಕರ್ನಲ್‌ನಲ್ಲಿ ಒಮ್ಮೆ ನೋಡಿಬಿಡಿ.

ಇನ್ನು ಟೆಸ್ಟ್ ಹೇಗೆ ಅಂತ. ಪ್ಯಾಕೇಜ್ ಜೊತೆಗೇ ಟೆಸ್ಟ್ ಸೂಟ್ ಇದ್ದರೆ ಅದನ್ನು ಪಿಟೆಸ್ಟ್ ಆಗಿ ಬೋರ್ಡ್ ಮೇಲೇ ಓಡಿಸಿ. ಮೆಮೊರಿ ತಪ್ಪು ಹಿಡಿಯುವ ಅಡ್ರೆಸ್ ಸ್ಯಾನಿಟೈಸರ್ ಹಾಕಿ ನೋಡಬೇಕು, ಆದರೆ ಜಿಸಿಸಿಯ ಸ್ಯಾನಿಟೈಸರ್‌ಗಳು ಮಸಲ್ ಜೊತೆ ಬರಲ್ಲ. ಹಾಗಾಗಿ ಟೆಸ್ಟ್‌ಗೆ ಮಾತ್ರ ಜಿಲಿಬ್‌ಸಿ ಹಾಕಿದ ಇನ್ನೊಂದು ಬಿಲ್ಡ್ ಇಟ್ಟುಕೊಳ್ಳಿ. ಇದು ಹೆಚ್ಚಿನ ಕೆಲಸ ಅನ್ನಿಸಿದರೂ ಮಾಡಿ, ಬಫರ್ ಮೀರಿ ಬರೆಯುವ ತಪ್ಪುಗಳು ಇದರಲ್ಲಿ ಸಿಕ್ಕಷ್ಟು ಸುಲಭವಾಗಿ ಬೇರೆಲ್ಲೂ ಸಿಗಲ್ಲ. ಸೀರಿಯಲ್ ಲೈನ್‌ಗೆ ಬೇಕೆಂದೇ ಕಸ ಕಳಿಸಿ: ಅರ್ಧ ಫ್ರೇಮ್, ತಪ್ಪು ಚೆಕ್‌ಸಮ್, ಉದ್ದ ಹೆಚ್ಚು ಬರೆದ ಹೆಡರ್, ಮೈನಸ್ ಮೌಲ್ಯಗಳು.

ಆಮೇಲೆ ಹೊರಗಿನ ಕಷ್ಟಗಳು. ನೆಟ್‌ವರ್ಕ್ ಕೇಬಲ್ ಕಿತ್ತು ರಾತ್ರಿಯಿಡೀ ಬಿಡಿ. ಕಳಿಸಲಾಗದ ಮೆಸೇಜ್‌ಗಳನ್ನು ಡೀಮನ್ ರ‍್ಯಾಮ್‌ನಲ್ಲೇ ಗುಡ್ಡೆ ಹಾಕಿಕೊಳ್ಳುತ್ತಾ ಹೋದರೆ 256 ಎಂಬಿ ತುಂಬಿ ಊಮ್ ಕಿಲ್ಲರ್ (ಮೆಮೊರಿ ಮುಗಿದಾಗ ಪ್ರೋಗ್ರಾಂ ಕೊಲ್ಲುವ ಕರ್ನಲ್ ವ್ಯವಸ್ಥೆ) ಬರುತ್ತೆ, ಅದು ಯಾರನ್ನು ಕೊಲ್ಲುತ್ತೆ ಅನ್ನುವುದು ಪೂರ್ತಿ ನಿಮ್ಮ ಕೈಯಲ್ಲಿಲ್ಲ. ಮೆಮೊರಿ ಬಳಕೆಯನ್ನು ಆಗಾಗ ಬರೆದಿಟ್ಟು ಗ್ರಾಫ್ ಹಾಕಿ, ಗೆರೆ ಮಟ್ಟವಾಗಿದೆಯಾ ಏರುತ್ತಿದೆಯಾ ಅಂತ ಗೊತ್ತಾಗುವಷ್ಟು ದಿನ ಓಡಿಸಿ. ಕ್ಲಾಕ್‌ಗೆ ಬ್ಯಾಟರಿ ಇಲ್ಲದ ಬೋರ್ಡ್ ಆದರೆ ಹಳೇ ತಾರೀಕಿನಲ್ಲಿ ಎದ್ದೇಳುತ್ತೆ. ಆಗ ಟಿಎಲ್‌ಎಸ್ ಸರ್ಟಿಫಿಕೇಟ್ ಇನ್ನೂ ಜಾರಿಗೆ ಬಂದಿಲ್ಲ ಅಂತ ಕನೆಕ್ಷನ್ ತಿರಸ್ಕಾರ ಆಗುತ್ತೆ, ಡೀಮನ್ ಮತ್ತೆ ಪ್ರಯತ್ನಿಸುತ್ತಾ ಅಥವಾ ಸೋತು ಕೂರುತ್ತಾ? ನೆಟ್‌ವರ್ಕ್‌ನಿಂದ ಎನ್‌ಟಿಪಿ ಸಮಯ ಬಂದು ಗಡಿಯಾರ ವರ್ಷಗಟ್ಟಲೆ ಮುಂದೆ ಜಿಗಿದಾಗ ಅದರ ಟೈಮರ್‌ಗಳ ಗತಿ ಏನು? ಕರೆಂಟ್ ಕಿತ್ತು ಹಾಕಿ, ಡೇಟಾ ಬರೆಯುತ್ತಿರುವಾಗಲೇ, ಮತ್ತೆ ಮತ್ತೆ. ಕಾನ್ಫಿಗ್ ಫೈಲನ್ನು ನೇರವಾಗಿ ತಿದ್ದಿ ಬರೆಯುವ ಪ್ರೋಗ್ರಾಂ ಆದರೆ ಒಂದು ದಿನ ಸೊನ್ನೆ ಬೈಟ್‌ನ ಫೈಲ್ ಸಿಗುತ್ತೆ. ಬೇರೆ ಹೆಸರಲ್ಲಿ ಬರೆದು, ಎಫ್‌ಸಿಂಕ್‌ನಿಂದ ಡಿಸ್ಕ್‌ಗೆ ಇಳಿಸಿ, ಆಮೇಲೆ ಹೆಸರು ಬದಲಿಸುತ್ತಾ ಅಂತ ಸೋರ್ಸ್‌ನಲ್ಲೇ ನೋಡಬಹುದು. ಇಎಂಎಂಸಿ ಫ್ಲಾಶ್ ಇದ್ದರೆ ಕರ್ನಲ್‌ನ ಡಿಸ್ಕ್‌ಸ್ಟ್ಯಾಟ್ಸ್ ಫೈಲ್‌ನಲ್ಲಿ ಒಂದು ಗಂಟೆಗೆ ಎಷ್ಟು ಬರೆಯುತ್ತಿದೆ ಅಂತ ಅಳೆಯಿರಿ. ಪ್ರತಿ ಸೆಕೆಂಡ್‌ಗೊಂದು ಲಾಗ್ ಸಾಲು ಬರೆದು ಸಿಂಕ್ ಮಾಡುವ ಅಭ್ಯಾಸ ಡೆಸ್ಕ್‌ಟಾಪ್‌ಗೆ ಲೆಕ್ಕಕ್ಕಿಲ್ಲ, ಫ್ಲಾಶ್ ಅದರಿಂದ ಸವೆದುಹೋಗುತ್ತೆ.

ಇಷ್ಟೆಲ್ಲ ಒಂದು ತಿಂಗಳಲ್ಲಿ ಆಗಲ್ಲ ಅಂತ ನಿಮಗೆ ಅನ್ನಿಸಿದರೆ, ನನ್ನ ಅಭಿಪ್ರಾಯ ಕೇಳಿ: ಆ ಡೀಮನ್ ಬಿಡಿ. ನಿಮ್ಮ ಸೆನ್ಸರ್‌ಗಳು ಮಾಡ್‌ಬಸ್ ಪ್ರೋಟೋಕಾಲ್ ಮಾತಾಡುತ್ತಿದ್ದರೆ ಅದರ ಲೈಬ್ರರಿ ಲಿಬ್‌ಮಾಡ್‌ಬಸ್ ಮತ್ತು ಎಂಕ್ಯೂಟಿಟಿಗೆ ಮಸ್ಕಿಟೊ ಎರಡೂ ಮೆಟಾ ಓಪನ್‌ಎಂಬೆಡೆಡ್ ಲೇಯರ್‌ಗಳಲ್ಲೇ ಇವೆ, ಬಹಳ ಜನ ಬಳಸುತ್ತಾರೆ, ಆರ್ಮ್ ಮೇಲೆ ಓಡಿ ಹಳತಾದವು. ಅವೆರಡನ್ನು ಜೋಡಿಸುವ ಚಿಕ್ಕ ಪ್ರೋಗ್ರಾಂ ನೀವೇ ಬರೆದರೆ ಅದರ ಪ್ರತಿ ಸಾಲೂ ನಿಮಗೆ ಗೊತ್ತಿರುತ್ತೆ. ಬೇರೆಯವರ ದೊಡ್ಡ ಪ್ರೋಗ್ರಾಂನಲ್ಲಿ ನಿಮಗೆ ಬೇಡದ ಫೀಚರ್‌ಗಳೇ ಮುಕ್ಕಾಲು ಪಾಲು ಇರುತ್ತವೆ, ಅವುಗಳ ಬಗ್‌ಗಳೂ ಇಮೇಜ್ ಒಳಗೆ ಬರುತ್ತವೆ.

ಇಲ್ಲ, ಅದೇ ಬೇಕು, ತಪ್ಪಿಸಲಾಗಲ್ಲ ಅಂದರೆ ಬೇಲಿ ಹಾಕಿ ಸೇರಿಸಿ. ರೂಟ್ ಆಗಿ ಓಡಿಸಬೇಡಿ, ಬೇರೆ ಯೂಸರ್ ಕೊಡಿ, ಸೀರಿಯಲ್ ಪೋರ್ಟ್‌ಗೆ ಮಾತ್ರ ಅನುಮತಿ ಕೊಡಿ. ಸರ್ವಿಸ್‌ಗಳನ್ನು ನಡೆಸಲು ಸಿಸ್ಟಮ್‌ಡಿ ಇದ್ದರೆ ಮೆಮೊರಿ ಮಿತಿ ಹಾಕಿ, ಫೈಲ್‌ಸಿಸ್ಟಮ್ ಓದಲು ಮಾತ್ರ ಬಿಡಿ, ಬಿದ್ದರೆ ಮತ್ತೆ ಏಳುವಂತೆ ಮಾಡಿ. ಬಿಝಿಬಾಕ್ಸ್ ಇನಿಟ್ ಆದರೂ ಮಿತಿ ಹಾಕಲು ಯುಲಿಮಿಟ್ ಇದೆ. ಎಲ್ಲಕ್ಕಿಂತ ಮುಖ್ಯ, ಈ ಡೀಮನ್ ಕೆಟ್ಟರೂ ಸಾಫ್ಟ್‌ವೇರ್ ಅಪ್‌ಡೇಟ್ ದಾರಿ ಕೆಡಬಾರದು. ರೌಕ್, ಎಸ್‌ಡಬ್ಲ್ಯೂಅಪ್‌ಡೇಟ್, ಮೆಂಡರ್ ಈ ಅಪ್‌ಡೇಟ್ ಟೂಲ್‌ಗಳಲ್ಲಿ ಯಾವುದಾದರೂ ಒಂದನ್ನು ಎರಡು ಪಾರ್ಟಿಷನ್ ವ್ಯವಸ್ಥೆಯಲ್ಲಿ ಹಾಕಿ, ಹೊಸ ಇಮೇಜ್ ಸರಿಯಾಗಿ ಏಳದಿದ್ದರೆ ಹಳೆಯದಕ್ಕೆ ಮರಳುತ್ತೆ. ಅಪ್‌ಡೇಟ್ ಕಳಿಸುವ ಪ್ರೋಗ್ರಾಂ ಈ ಡೀಮನ್ ಮೇಲೆ ಯಾವ ರೀತಿಯಲ್ಲೂ ಅವಲಂಬಿಸಿರಬಾರದು, ಅದರ ಎಂಕ್ಯೂಟಿಟಿ ಕನೆಕ್ಷನನ್ನೇ ಹಂಚಿಕೊಳ್ಳುವ ಆಸೆಯೂ ಬೇಡ.

ಕೊನೆಗೆ, ನೀವು ಕಂಡದ್ದನ್ನು ಆ ಲೇಯರ್ ನೋಡಿಕೊಳ್ಳುವವರಿಗೆ ಬರೆಯಿರಿ. ಬೋರ್ಡ್ ಯಾವುದು, ಸಿ ಲೈಬ್ರರಿ ಯಾವುದು, ಯಾವ ಕಮಿಟ್, ಏನೇನು ಓಡಿಸಿದಿರಿ, ಏನು ಮುರಿಯಿತು, ಜೊತೆಗೆ ಪ್ಯಾಚ್. ಅವರ ಹತ್ತಿರ ಆರ್ಮ್ ಬೋರ್ಡ್ ಇಲ್ಲದ ಕಾರಣಕ್ಕೇ ಆ ಸಾಲು ಬರೆದಿರಬಹುದು. ನಿಮ್ಮ ಪ್ಯಾಚ್ ಅಲ್ಲಿ ಸೇರಿದರೆ ಮುಂದಿನ ರಿಲೀಸ್‌ಗೆ ನೀವು ಅದನ್ನು ಮತ್ತೆ ಹೊತ್ತುಕೊಂಡು ಹೋಗಬೇಕಾಗಿಲ್ಲ.

ಸದ್ಯಕ್ಕೆ ಆಟೋರೆವ್ ತೆಗೆಯಿರಿ, ಚಾರ್ ಹುಡುಕಿ, ಇನ್‌ಸೇನ್ ಸ್ಕಿಪ್ ಸಾಲು ತೆಗೆದು ಬಿಲ್ಡ್ ಮಾಡಿ. ಆಗ ಬಂದ ಎರರ್ ಏನು ಅಂತ ಇಲ್ಲಿ ಬರೆದರೆ, ಈ ಪ್ಯಾಕೇಜ್ ಉಳಿಸಿಕೊಳ್ಳಬೇಕಾ ಬಿಡಬೇಕಾ ಅಂತ ಇನ್ನೂ ಖಚಿತವಾಗಿ ಹೇಳಬಹುದು.